ನಾಲ್ಕನೇ ತರಗತಿಗೆ ಬಂದರೂ ಅಕ್ಷರ ಮುಗಿದಿರುವುದಿಲ್ಲ

ಕನ್ನಡ ಮಾಧ್ಯಮ ಶಾಲೆಗಳ ನಾಲ್ಕು ಮತ್ತು ಐದನೇ ತರಗತಿಯ ಶಿಕ್ಷಕ, ಶಿಕ್ಷಕಿಯರಿಗೆ ಒಂದು ಬಹಿರಂಗ ಪತ್ರ



ಪ್ರತಿ ವರ್ಷ ಸೇತುಬಂಧದ ಪೂರ್ವ ಪರೀಕ್ಷೆ ಮುಗಿಯುವ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಒಂದು ಮಾತು ಬಂದೇ ಬರುತ್ತದೆ: ‘ಈ ಮಕ್ಕಳಿಗೆ ಓದೋಕೇ ಬರಲ್ಲ. ಕೆಳಗಿನ ಕ್ಲಾಸಲ್ಲಿ ಏನು ಕಲಿಸಿದಾರೋ!’ ನಲಿ-ಕಲಿಯ ಶಿಕ್ಷಕರನ್ನು ಕೇಳಿದರೆ ಅವರ ಮಾತು ಬೇರೆ: ‘ಅಕ್ಷರ, ಕಾಗುಣಿತ ಎಲ್ಲ ಮುಗಿಸಿಯೇ ಕಳಿಸಿದ್ದೇವೆ.’ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರು ಕಲಿಸಿದ್ದೂ ನಿಜ, ನಿಮ್ಮೆದುರು ನಿಂತ ಮಗು ತಡವರಿಸುತ್ತಿರುವುದೂ ನಿಜ. ಈ ಎರಡು ನಿಜಗಳ ನಡುವೆ ಏನು ನಡೆಯುತ್ತಿದೆ ಎಂಬುದಕ್ಕೆ ಓದಿನ ವಿಜ್ಞಾನದಲ್ಲಿ ಈಗ ಸಾಕಷ್ಟು ಉತ್ತರವಿದೆ. ಅದನ್ನು ನಿಮ್ಮ ಮುಂದಿಟ್ಟು ಒಂದು ಕೋರಿಕೆ ಸಲ್ಲಿಸುವುದಕ್ಕೆ ಈ ಪತ್ರ: ಅಕ್ಷರ ಕಲಿಸುವ ಕೆಲಸ ಮೂರನೇ ತರಗತಿಗೆ ಮುಗಿಯಿತೆಂದು ಬಗೆಯಬೇಡಿ. ನಿಮ್ಮ ತರಗತಿಯಲ್ಲೂ ಅದಕ್ಕೆ ದಿನಕ್ಕಿಷ್ಟು ಹೊತ್ತು ಕೊಡಿ.

‘ಕನ್ನಡ ಬರೆದಂತೆ ಓದುವ ಭಾಷೆ, ಅಕ್ಷರ ಬಂದರೆ ಓದು ತಾನಾಗಿ ಬರುತ್ತದೆ’ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅದರಲ್ಲಿ ಅರ್ಧ ನಿಜ. ಇಂಗ್ಲಿಷ್ ಓದುವ ಮಗು ‘ಬಟ್’ ಮತ್ತು ‘ಪುಟ್’ ಎರಡರಲ್ಲೂ ಅದೇ ಸ್ವರಾಕ್ಷರ ನೋಡಿ ಎರಡು ಬಗೆಯಲ್ಲಿ ಉಚ್ಚರಿಸಬೇಕು. ನಮ್ಮ ಮಗುವಿಗೆ ಆ ಗೋಳಿಲ್ಲ. ಆದರೆ ಇಂಗ್ಲಿಷ್ ಓದುವ ಮಗು ಗುರುತಿಸಬೇಕಾದದ್ದು 26 ಅಕ್ಷರ. ದೊಡ್ಡವು, ಚಿಕ್ಕವು ಸೇರಿದರೂ 52. ನಮ್ಮ ಮಗುವಿನ ಲೆಕ್ಕ ಹಾಕಿ ನೋಡಿ. ವರ್ಣಮಾಲೆಯಲ್ಲಿ 49. ವ್ಯಂಜನ 34, ಒಂದೊಂದಕ್ಕೂ ಅಂ, ಅಃ ಸೇರಿ 15 ಕಾಗುಣಿತದ ರೂಪ, ಅಂದರೆ 510. ಅವೆಲ್ಲ ಬಳಕೆಯಲ್ಲಿ ಇಲ್ಲ ಎಂದು ಕೆಲವನ್ನು ಬಿಟ್ಟರೂ ನೂರಾರು ಉಳಿಯುತ್ತವೆ. ಅದರ ಮೇಲೆ ಸಜಾತೀಯ, ವಿಜಾತೀಯ ಒತ್ತಕ್ಷರಗಳು.

ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್‌ನಲ್ಲಿದ್ದ ಸಂಶೋಧಕಿ ಸೋನಾಲಿ ನಾಗ್ ಕನ್ನಡ ಓದಲು ಕಲಿಯುತ್ತಿರುವ ಮಕ್ಕಳನ್ನು ಅಧ್ಯಯನ ಮಾಡಿ 2007ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಇಂಗ್ಲಿಷಿನಲ್ಲಿ ಅಕ್ಷರ ಗುರುತಿಸುವ ಕೆಲಸ ಸಾಮಾನ್ಯವಾಗಿ ಮೊದಲ ಒಂದೆರಡು ವರ್ಷದಲ್ಲೇ ಮುಗಿದರೆ, ಕನ್ನಡದಲ್ಲಿ ಅಕ್ಷರಜ್ಞಾನ ಮೂರು, ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಹೋಗುತ್ತದೆ ಎಂಬುದು ಅದರ ಮುಖ್ಯ ಅಂಶಗಳಲ್ಲೊಂದು. ಅಂದರೆ ನಾಲ್ಕನೇ ತರಗತಿಯಲ್ಲಿ ಒತ್ತಕ್ಷರಕ್ಕೆ ಎಡವುವ ಮಗು ದಡ್ಡನೂ ಅಲ್ಲ, ಅದಕ್ಕೆ ಕಲಿಸಿದವರು ಸೋಮಾರಿಗಳೂ ಅಲ್ಲ. ಆ ಮಗು ದಾರಿಯ ನಡುವೆ ಇದೆ, ಅಷ್ಟೇ.

ಆ ದಾರಿಯಲ್ಲಿ ಕಲ್ಲುಗಳಿರುವುದು ಎಲ್ಲಿ? ‘ಶಕ್ತಿ’ ಎಂಬ ಪದವನ್ನೇ ತೆಗೆದುಕೊಳ್ಳಿ. ನಾವು ಅದನ್ನು ಕಂಡ ಕೂಡಲೇ ಓದಿಬಿಡುತ್ತೇವೆ. ಮಗುವಿನ ಕಣ್ಣಿಗೆ ಕಾಣುವುದು ಏನೆಂದರೆ: ಮೊದಲು ‘ಶ’. ಆಮೇಲೆ ಗುಡಿಸು ಹೊತ್ತ ‘ಕಿ’. ಅದರ ಕೆಳಗೆ, ‘ತ’ವನ್ನು ಒಂದಿಷ್ಟೂ ಹೋಲದ ಒಂದು ಕೊಂಡಿ. ಗುಡಿಸು ಕೂತಿರುವುದು ‘ಕ’ದ ತಲೆಯ ಮೇಲೆ, ಆದರೆ ಇಕಾರ ಕೇಳಿಸಬೇಕಾದದ್ದು ‘ತ’ ಆದ ಮೇಲೆ. ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದರೆ ‘ಶಕಿತ’ ಆಗುತ್ತದೆ. ನಿಮ್ಮ ತರಗತಿಯಲ್ಲಿ ಇದನ್ನು ನೀವು ಕೇಳಿಯೇ ಇರುತ್ತೀರಿ. ‘ಸೂರ್ಯ’ ಇನ್ನೂ ವಿಚಿತ್ರ: ಅರ್ಕಾವತ್ತು ‘ಯ’ದ ಬಲಕ್ಕಿದೆ, ಅದರ ದನಿ ‘ಯ’ಕ್ಕಿಂತ ಮೊದಲು ಬರಬೇಕು. ‘ಸೂಯರ’ ಎಂದು ಓದಿದ ಮಗು ಎಡದಿಂದ ಬಲಕ್ಕೆ ಓದಬೇಕೆಂಬ ನಿಯಮವನ್ನು ನಿಷ್ಠೆಯಿಂದ ಪಾಲಿಸಿದೆ. ಇನ್ನು ‘ಕೊ’. ಅದರ ತಲೆ ‘ಕೆ’ಯದು, ಬಾಲ ‘ಕೂ’ವಿನದು. ಎರಡೂ ಗೊತ್ತಿರುವ ಮಗುವಿಗೇ ಇಲ್ಲಿ ಗೊಂದಲ ಜಾಸ್ತಿ. ‘ಮ’ ಮತ್ತು ‘ವು’, ‘ವ’, ‘ಪ’ ಮತ್ತು ‘ಷ’, ‘ದ’, ‘ಧ’ ಮತ್ತು ‘ಥ’ ಇವುಗಳ ನಡುವಿನ ವ್ಯತ್ಯಾಸ ಒಂದು ಗೆರೆಯದು, ಒಂದು ಸೀಳಿನದು.

ಒತ್ತಕ್ಷರಗಳಲ್ಲೂ ಎರಡು ಜಾತಿ. ‘ಗ್ಗ’, ‘ಡ್ಡ’, ‘ದ್ದ’ಗಳಲ್ಲಿ ಕೆಳಗಿನ ಅಕ್ಷರ ತಲೆಕಟ್ಟು ಕಳೆದುಕೊಂಡಿರುತ್ತದೆ ಅಷ್ಟೇ, ಮುಖ ಅದೇ. ‘ತ’, ‘ನ’, ‘ಮ’, ‘ಯ’, ‘ರ’, ‘ಲ’ಗಳ ಒತ್ತುಗಳಾದರೆ ಮೂಲಾಕ್ಷರದ ಚಹರೆಯನ್ನೇ ಬಿಟ್ಟುಬಿಟ್ಟಿವೆ. ಕನ್ನಡದಲ್ಲಿ ಅತಿ ಹೆಚ್ಚು ಎದುರಾಗುವ ಒತ್ತುಗಳೂ ಇವೇ. ಇವನ್ನು ಒಂದೊಂದಾಗಿ ಹೇಳಿಕೊಡದೆ, ಪಾಠದಲ್ಲಿ ಬಂದಾಗ ಮಗು ತಾನೇ ಊಹಿಸಿಕೊಳ್ಳಲಿ ಎಂದು ಬಿಟ್ಟರೆ ಅದು ಎರಡೇ ಕೆಲಸ ಮಾಡಬಲ್ಲದು: ಒತ್ತನ್ನು ನುಂಗಿಬಿಡುವುದು, ಇಲ್ಲವೇ ಇಡೀ ಪದವನ್ನೇ ಅಂದಾಜಿನ ಮೇಲೆ ಹೇಳುವುದು.

ಅಂದಾಜಿನ ಓದಿಗೆ ನಮ್ಮ ಬೋಧನಾ ಪದ್ಧತಿಗಳಲ್ಲಿ ಒಂದು ಹಳೆಯ ಸಮರ್ಥನೆಯಿದೆ. ಡಿ.ಎಡ್. ಓದುವಾಗ ಅಕ್ಷರ ಪದ್ಧತಿ, ಪದ ಪದ್ಧತಿ, ವಾಕ್ಯ ಪದ್ಧತಿ ಎಂದು ನೀವು ಕಲಿತಿರುತ್ತೀರಿ. ಪದವನ್ನು ಇಡಿಯಾಗಿ ಗುರುತಿಸುವುದೇ ಸಹಜ ಎಂಬ ವಾದಕ್ಕೆ ಬಲ ಕೊಟ್ಟದ್ದು 1880ರ ದಶಕದಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಅಮೆರಿಕದ ಜೇಮ್ಸ್ ಕ್ಯಾಟೆಲ್ ನಡೆಸಿದ ಪ್ರಯೋಗಗಳು. ಕ್ಷಣಮಾತ್ರ ತೋರಿಸಿದಾಗ ಬಿಡಿ ಅಕ್ಷರಗಳಿಗಿಂತ ಪದಗಳೇ ಸುಲಭವಾಗಿ ಕಣ್ಣಿಗೆ ಹತ್ತುತ್ತವೆ ಎಂದು ಅವರು ಕಂಡುಕೊಂಡರು. 1969ರಲ್ಲಿ ಜೆರಾಲ್ಡ್ ರೈಕರ್ ಇದನ್ನು ಇನ್ನಷ್ಟು ಬಿಗಿಯಾಗಿ ಪರೀಕ್ಷಿಸಿದರು. ಒಂದು ಅಕ್ಷರ ಒಂಟಿಯಾಗಿದ್ದಾಗಿನದಕ್ಕಿಂತ ಪದದೊಳಗಿದ್ದಾಗ ಚೆನ್ನಾಗಿ ಗುರುತು ಸಿಗುತ್ತದೆ ಎಂದು ಮತ್ತೆ ಸಾಬೀತಾಯಿತು. ಹಾಗಾದರೆ ಅಕ್ಷರ ಬೇಡವೇ? ಫಲಿತಾಂಶದ ಅರ್ಥ ಹಾಗಲ್ಲ ಎಂದು ಆಮೇಲಿನ ಸಂಶೋಧನೆ ತೋರಿಸಿತು. ನುರಿತ ಓದುಗನ ಮಿದುಳು ಪದದ ಎಲ್ಲ ಅಕ್ಷರಗಳನ್ನೂ ಒಟ್ಟಿಗೆ, ಏಕಕಾಲಕ್ಕೆ ಗ್ರಹಿಸುತ್ತದೆ. ಪದದ ಪರಿಚಯ ಅಕ್ಷರಗಳ ಗುರುತಿಗೆ ಇಂಬು ಕೊಡುತ್ತದೆ. ಜೇಮ್ಸ್ ಮೆಕ್ಲೆಲೆಂಡ್ ಮತ್ತು ಡೇವಿಡ್ ರೂಮೆಲ್‌ಹಾರ್ಟ್ 1981ರಲ್ಲಿ ಮುಂದಿಟ್ಟ ಮಾದರಿ ಹೇಳಿದ್ದು ಇದನ್ನೇ. ನಾವು ಅಕ್ಷರ ನೋಡುವುದಿಲ್ಲ ಎಂದು ನಮಗೆ ಅನ್ನಿಸುವುದು ನೋಡುವ ಕೆಲಸ ಅಷ್ಟು ಬೇಗ ನಡೆಯುತ್ತದೆ ಎಂಬ ಕಾರಣಕ್ಕೆ.

ಕಣ್ಣಿನ ಚಲನೆಯೂ ಇದಕ್ಕೆ ಸಾಕ್ಷಿ. ಓದುವಾಗ ಕಣ್ಣು ಸಾಲಿನ ಮೇಲೆ ಜಾರುವುದಿಲ್ಲ, ಹಾರಿ ಹಾರಿ ನಿಲ್ಲುತ್ತದೆ. 1870ರ ದಶಕದ ಕೊನೆಯಲ್ಲಿ ಪ್ಯಾರಿಸ್‌ನ ನೇತ್ರವೈದ್ಯ ಎಮಿಲ್ ಜವಾಲ್ ಕಾಲದಿಂದಲೂ ತಿಳಿದಿರುವ ವಿಷಯ ಇದು. ಒಂದೊಂದು ನಿಲುಗಡೆ ಸುಮಾರು ಕಾಲು ಸೆಕೆಂಡು. ಪಳಗಿದ ಓದುಗರು ಕೂಡ ಬಹುಪಾಲು ಮುಖ್ಯ ಪದಗಳ ಮೇಲೆ ಕಣ್ಣೂರಿಯೇ ಮುಂದೆ ಹೋಗುತ್ತಾರೆ.

ಚಿತ್ರದ ಕೆಳಗೆ ‘ದನ’ ಎಂದು ಬರೆದಿದ್ದರೆ ‘ಹಸು’ ಎಂದು ಓದುವ ಮಗು ಎಲ್ಲ ಶಾಲೆಗಳಲ್ಲೂ ಸಿಗುತ್ತದೆ. ಒಂದನೇ ತರಗತಿಯಲ್ಲಿ ಅದು ಮುದ್ದಾಗಿ ಕಾಣುತ್ತದೆ. ನಾಲ್ಕನೇ ತರಗತಿಯ ಪಠ್ಯಪುಸ್ತಕದಲ್ಲಿ ಪ್ರತಿ ಪದಕ್ಕೂ ಚಿತ್ರವಿಲ್ಲ. ಅಂದಾಜು ಅಲ್ಲಿಗೆ ನಿಂತುಹೋಗುತ್ತದೆ.

ನಲಿ-ಕಲಿಯ ಬಗ್ಗೆ ಇಲ್ಲೊಂದು ಮಾತು ಹೇಳಲೇಬೇಕು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ, ಆಂಧ್ರದ ರಿಷಿವ್ಯಾಲಿ ಶಾಲೆಯ ಪ್ರಯೋಗದಿಂದ ಸ್ಫೂರ್ತಿ ಪಡೆದು ಶುರುವಾದ ಈ ಪದ್ಧತಿ ಅಕ್ಷರವನ್ನು ಅಂದಾಜಿಗೆ ಬಿಟ್ಟದ್ದಲ್ಲ. ‘ಅ ಆ ಇ ಈ’ ಕ್ರಮ ಬಿಟ್ಟು ‘ರ ಗ ಸ ದ ಅ’ ಎಂದು ಆರಂಭಿಸಿದ್ದರಲ್ಲಿ ಜಾಣತನವಿದೆ. ಐದೇ ಅಕ್ಷರ ಬಂದ ಮಗು ‘ಸರ’, ‘ಅರಸ’, ‘ಅಗಸ’, ‘ಗರಗಸ’ ಓದಿಬಿಡುತ್ತದೆ. ಓದಿದ್ದಕ್ಕೆ ಅರ್ಥವಿದೆ ಎಂಬ ರುಚಿ ಮೊದಲ ವಾರಗಳಲ್ಲೇ ಹತ್ತುತ್ತದೆ. ತೊಂದರೆ ಇರುವುದು ಏಣಿಯ ಮೇಲಿನ ಮೆಟ್ಟಿಲುಗಳಲ್ಲಿ. ಕಾಗುಣಿತ, ಒತ್ತಕ್ಷರಗಳು ಬರುವ ಹೊತ್ತಿಗೆ ಕೆಲವು ಮಕ್ಕಳು ಇನ್ನೂ ಕೆಳಗೇ ಇರುತ್ತಾರೆ. ಕೊರೋನಾ ಕಾಲದ ಮಕ್ಕಳಂತೂ ಏಣಿಯನ್ನೇ ನೋಡದೆ ಮೇಲಿನ ತರಗತಿಗೆ ಬಂದರು. ಗ್ರಾಮೀಣ ಭಾರತದ ಮಕ್ಕಳ ಓದನ್ನು ಅಳೆಯುವ ‘ಅಸರ್’ ಸಮೀಕ್ಷೆಯ ಪ್ರಕಾರ, ಎರಡನೇ ತರಗತಿಯ ಮಟ್ಟದ ಪಠ್ಯವನ್ನು ಓದಬಲ್ಲ ಐದನೇ ತರಗತಿಯ ಮಕ್ಕಳು ದೇಶದಲ್ಲಿ 2018ರಲ್ಲಿ ಶೇ 50.5ರಷ್ಟಿದ್ದರು. 2022ರಲ್ಲಿ ಅದು ಶೇ 42.8ಕ್ಕೆ ಕುಸಿದು, 2024ರಲ್ಲಿ ಶೇ 48.8ಕ್ಕೆ ಏರಿದೆ. ಚೇತರಿಕೆ ಆಗಿದೆ ಎಂದರೂ ಐದನೇ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಇನ್ನೂ ಎರಡನೇ ತರಗತಿಯ ಪಠ್ಯ ಓದಲಾರರು ಎಂದೇ ಅರ್ಥ.

‘ಇಷ್ಟು ದೊಡ್ಡವರಾದ ಮೇಲೆ ಇನ್ನೇನು ತಿದ್ದೋದು’ ಎಂದು ನಿಮ್ಮಲ್ಲಿ ಯಾರಿಗಾದರೂ ಅನ್ನಿಸಿದ್ದರೆ ಲಖನೌ ಸುತ್ತಲಿನ ಹಳ್ಳಿಗಳ ಕಥೆ ಕೇಳಬೇಕು. ಅಲ್ಲಿ ಓದು ಬರಹ ಬಾರದ ವಯಸ್ಕರಿಗೆ, ಅವರಲ್ಲಿ ಹೆಚ್ಚಿನವರು ಮೂವತ್ತರ ಆಸುಪಾಸಿನ ಹೆಂಗಸರು, ಆರು ತಿಂಗಳು ದೇವನಾಗರಿ ಕಲಿಸಿ, ಕಲಿಕೆಗೆ ಮೊದಲು ಮತ್ತು ಆಮೇಲೆ ಮಿದುಳಿನ ಸ್ಕ್ಯಾನ್ ಮಾಡಲಾಯಿತು. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ನೋಟಕ್ಕೆ ಸಂಬಂಧಿಸಿದ ಹೊರಪದರದ ಭಾಗಗಳಷ್ಟೇ ಅಲ್ಲದೆ ಥಲಾಮಸ್ ಮತ್ತು ಮಿದುಳಕಾಂಡದವರೆಗೂ ಬದಲಾವಣೆ ಕಂಡಿತ್ತು. ಮೂವತ್ತರ ಮಿದುಳು ಆರು ತಿಂಗಳಲ್ಲಿ ಇಷ್ಟು ಬಾಗುವುದಾದರೆ ಒಂಬತ್ತು ವರ್ಷದ್ದರ ಬಗ್ಗೆ ಕೈ ಚೆಲ್ಲಲು ಕಾರಣವಿಲ್ಲ.

ಅಕ್ಷರ ತಿದ್ದಿಸಿ ಕಲಿಸುವ ನಮ್ಮ ಹಿರಿಯರ ರೂಢಿಗೆ ವೈದ್ಯಕೀಯದಿಂದಲೂ ಬೆಂಬಲವಿದೆ. 1887ರಲ್ಲಿ ಪ್ಯಾರಿಸ್‌ನ ಒಬ್ಬ ಸುಶಿಕ್ಷಿತ ವ್ಯಕ್ತಿಗೆ ಇದ್ದಕ್ಕಿದ್ದಂತೆ ಒಂದು ಪದವನ್ನೂ ಓದಲಾಗದೆ ಹೋಯಿತು. ಮಾತು ಸರಿಯಿತ್ತು, ಜನರ ಗುರುತು ಸಿಗುತ್ತಿತ್ತು, ಬರೆಯಲೂ ಬರುತ್ತಿತ್ತು. ತಾನೇ ಬರೆದದ್ದನ್ನು ಮಾತ್ರ ಓದಲಾಗುತ್ತಿರಲಿಲ್ಲ. ಅವನನ್ನು ಪರೀಕ್ಷಿಸಿದ ನರವೈದ್ಯ ಜೂಲ್ ದೆಜೆರಿನ್ 1892ರಲ್ಲಿ ವಿವರ ಪ್ರಕಟಿಸಿದರು. ಪದಗಳನ್ನು ಗುರುತಿಸುವುದಕ್ಕೆಂದು ಮಿದುಳಿನ ಎಡ ಹಿಂಭಾಗದಲ್ಲಿ ಒಂದು ತಾಣ ರೂಪುಗೊಂಡಿರುತ್ತದೆ ಎಂದು ಸ್ತಾನಿಸ್ಲಾಸ್ ದಹಾನ್, ಲೊರಾಂ ಕೊಹೆನ್ ಮುಂತಾದವರು ಈಚೆಗೆ ಸ್ಕ್ಯಾನ್‌ಗಳಿಂದ ತೋರಿಸಿದ್ದಾರೆ. ದೆಜೆರಿನ್‌ರ ರೋಗಿಯ ಬಗ್ಗೆ ಶಿಕ್ಷಕರು ಗಮನಿಸಬೇಕಾದ್ದು ಬೇರೊಂದಿದೆ: ಕಣ್ಣಿಗೆ ಗುರುತು ಸಿಗದ ಅಕ್ಷರವನ್ನು ಬೆರಳಿನಿಂದ ತಿದ್ದಿದರೆ ಅವನಿಗೆ ಅದು ಯಾವುದೆಂದು ಹೊಳೆಯುತ್ತಿತ್ತು. ಅಕ್ಷರದ ನೆನಪು ಕೈಯಲ್ಲೂ ಉಳಿದಿತ್ತು. ಕೈಯಲ್ಲಿ ಬರೆದು ಕಲಿತ ಪುಟ್ಟ ಮಕ್ಕಳು ಕೀಲಿಮಣೆ ಒತ್ತಿ ಕಲಿತವರಿಗಿಂತ ಅಕ್ಷರಗಳನ್ನು ಚೆನ್ನಾಗಿ ಗುರುತಿಸುತ್ತಾರೆ ಎಂದು ಫ್ರಾನ್ಸ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೂ ಹೇಳಿತು. ಹಾಗಾಗಿ ‘ಕ್ತ’, ‘ಸ್ಮ’, ‘ರ್ಯ’ಗಳನ್ನು ಮಕ್ಕಳಿಂದ ಗಾಳಿಯಲ್ಲೋ ಸ್ಲೇಟಿನಲ್ಲೋ ಬಾಯಲ್ಲಿ ಹೇಳುತ್ತಾ ತಿದ್ದಿಸಿ. ನಾಚಿಕೆ ಪಡುವ ಕೆಲಸವೇನಲ್ಲ.

ಇನ್ನೊಂದು ಅಡಚಣೆ ಕಿವಿಯದು. ‘ಕಮಲದಲ್ಲಿ ಮೊದಲ ದನಿ ತೆಗೆದರೆ ಏನು ಉಳಿಯುತ್ತದೆ?’ ಎಂದು ನಿಮ್ಮ ಮಕ್ಕಳನ್ನು ಕೇಳಿ. ‘ಮಲ’ ಎನ್ನುತ್ತಾರೆ, ನಗುತ್ತಾರೆ. ‘ಅಮಲ’ ಎನ್ನುವವರು ಅಪರೂಪ. ನಮ್ಮ ಲಿಪಿಯಲ್ಲಿ ‘ಕ’ ಎಂಬುದು ಒಂದೇ ಗುರುತು. ಅದರೊಳಗೆ ಕ್ ಮತ್ತು ಅ ಎರಡಿವೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಪೋರ್ಚುಗಲ್‌ನ ಓದು ಬಾರದ ವಯಸ್ಕರಿಗೂ ಹೀಗೆ ಮೊದಲ ವ್ಯಂಜನವೊಂದನ್ನೇ ಕಿತ್ತು ಹೇಳುವುದು ಕಷ್ಟ ಎಂದು ಜೋಸ್ ಮೊರೈಸ್ ತಂಡ 1979ರಲ್ಲಿ ತೋರಿಸಿತ್ತು. ಕನ್ನಡದ ಮಕ್ಕಳಿಗೆ ಅಕ್ಷರವನ್ನು ಬೇರ್ಪಡಿಸುವುದು ಬೇಗ ಬರುತ್ತದೆ, ಅಕ್ಷರದೊಳಗಿನ ದನಿ ಬೇರ್ಪಡಿಸುವುದು ತಡವಾಗಿ ಬರುತ್ತದೆ ಎಂಬುದು ನಾಗ್ ಅವರ ಪ್ರಬಂಧದ ಇನ್ನೊಂದು ಅಂಶ. ಸರಳ ಅಕ್ಷರಗಳಿಗೆ ಅದರ ಅಗತ್ಯ ಬೀಳುವುದಿಲ್ಲ. ‘ಶಕ್ತಿ’ಯಲ್ಲಿ ಕ್, ತ್, ಇ ಎಂದು ಬಿಡಿಸಿ ಕೂಡಿಸುವಾಗ ಅದು ಬೇಕೇ ಬೇಕು. ಬಾಯಿಮಾತಿನ ಆಟವಾಗಿ ಇದನ್ನು ಎರಡು ನಿಮಿಷ ಆಡಿಸಿದರೂ ಒತ್ತಕ್ಷರದ ಗಂಟು ಸಡಿಲವಾಗುತ್ತದೆ.

ತಪ್ಪು ಓದು ಯಾವುದು, ತನ್ನ ಮಾತಿನಲ್ಲಿ ಓದಿದ್ದು ಯಾವುದು ಎಂಬುದನ್ನೂ ನೀವು ಬೇರ್ಪಡಿಸಿ ನೋಡಬೇಕು. ಧಾರವಾಡದ ಕಡೆಯ ಮಗು ‘ಶಾಲೆ’ಯನ್ನು ‘ಸಾಲಿ’ ಎಂದರೆ, ಮಂಡ್ಯದ ಮಗು ‘ಹಾಲು’ ಎಂಬುದನ್ನು ‘ಆಲು’ ಎಂದರೆ ಅದು ಪದವನ್ನು ಸರಿಯಾಗಿಯೇ ಗುರುತಿಸಿದೆ. ಹೊರಬಂದದ್ದು ಮನೆಯ ಉಚ್ಚಾರ. ‘ಧರ್ಮ’ವನ್ನು ‘ದರ್ಮ’ ಎನ್ನುವುದೂ ಹಾಗೆಯೇ. ಅಲ್ಲಿ ತಡೆದು ತಿದ್ದುತ್ತಾ ಹೋದರೆ ಮಗು ಬಾಯಿ ತೆರೆಯುವುದನ್ನೇ ಬಿಡುತ್ತದೆ. ‘ಧರ್ಮ’ವನ್ನು ‘ಧಮ’ ಎಂದರೆ ಮಾತ್ರ ಅದು ಓದಿನ ದೋಷ. ಲಂಬಾಣಿ, ತುಳು, ಕೊಂಕಣಿ, ಉರ್ದು, ತೆಲುಗು ಮನೆಮಾತಿನ ಮಕ್ಕಳ ವಿಷಯದಲ್ಲಿ ಈ ವಿವೇಚನೆ ಇನ್ನೂ ಹೆಚ್ಚು ಬೇಕು. ಮಹಾಪ್ರಾಣಗಳನ್ನೇ ಬರಹದಿಂದ ಕೈಬಿಡೋಣ ಎಂದು ಡಿ.ಎನ್. ಶಂಕರ ಭಟ್ಟರು ವಾದಿಸಿದ್ದುಂಟು. ಆ ಚರ್ಚೆ ಎಲ್ಲಿಗೆ ಮುಟ್ಟಿದರೂ ಈ ವರ್ಷದ ನಿಮ್ಮ ಮಕ್ಕಳು ಇರುವ ಲಿಪಿಯಲ್ಲೇ ಓದಬೇಕು.

ಮಗುವಿನ ತೊಂದರೆ ಅಕ್ಷರದ್ದೋ ಭಾಷೆಯದ್ದೋ ತಿಳಿಯಲು ಒಂದು ಸುಲಭದ ಉಪಾಯವಿದೆ. ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಹೇಳಿದಂತೆ ಅರ್ಥವಾಗುವ ಓದು ಎಂಬುದು ಎರಡು ಸಾಮರ್ಥ್ಯಗಳ ಗುಣಲಬ್ಧ: ಬರೆದದ್ದನ್ನು ದನಿಯಾಗಿಸುವುದು, ಕೇಳಿದ್ದನ್ನು ಅರ್ಥಮಾಡಿಕೊಳ್ಳುವುದು. ಎರಡರಲ್ಲಿ ಯಾವುದು ಸೊನ್ನೆಯಾದರೂ ಉತ್ತರ ಸೊನ್ನೆ. ಪಾಠದ ಒಂದು ಪ್ಯಾರಾವನ್ನು ನೀವೇ ಓದಿ ಹೇಳಿ, ಪ್ರಶ್ನೆ ಕೇಳಿ. ಮಗು ಪಟಪಟನೆ ಉತ್ತರ ಕೊಟ್ಟರೆ ಭಾಷೆ ಇದೆ, ಅಕ್ಷರ ಬೇಕು. ಕೇಳಿದರೂ ತಿಳಿಯದಿದ್ದರೆ ಕಥೆ, ಮಾತುಕತೆ, ಪದಪರಿಚಯ ಬೇಕು. ಇಬ್ಬರಿಗೂ ಒಂದೇ ಔಷಧ ಕೊಟ್ಟು ಪ್ರಯೋಜನವಿಲ್ಲ.

‘ಬ... ದ... ನೆ... ಕಾ... ಯಿ’ ಎಂದು ಸರಿಯಾಗಿಯೇ ಓದಿದ ಮಗುವನ್ನು ‘ಏನು ಓದಿದೆ?’ ಎಂದು ಕೇಳಿದರೆ ಸುಮ್ಮನೆ ನಿಲ್ಲುತ್ತದೆ. ಬೊಗಸೆಯಲ್ಲಿ ಹೊತ್ತ ನೀರಿನಂತೆ, ಐದನೇ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲನೆಯದು ಸೋರಿಹೋಗಿರುತ್ತದೆ. ಒಂದೊಂದು ಅಕ್ಷರವೂ ತಡೆಯಿಲ್ಲದೆ ಹೊಳೆಯುವವರೆಗೆ ಅರ್ಥಕ್ಕೆ ಜಾಗ ಸಿಗುವುದಿಲ್ಲ. ಒಂದು ಪದವನ್ನು ತಾನೇ ಕೂಡಿಸಿ ಓದಿ ಗೆದ್ದ ಮಗು ಮುಂದಿನ ಸಲ ಅದನ್ನು ಬೇಗ ಗುರುತಿಸುತ್ತದೆ. ಹೀಗೆ ಓದೇ ಓದನ್ನು ಕಲಿಸುತ್ತದೆ ಎಂದು ಇಸ್ರೇಲಿನ ಡೇವಿಡ್ ಶೇರ್ 1995ರಲ್ಲಿ ವಿವರಿಸಿದರು. ಅದಕ್ಕೆ ಬೇಕಾದದ್ದು ಮಗುವಿನ ಮಟ್ಟದ ಪುಸ್ತಕ. ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಿಂದ ಮಕ್ಕಳಿಗೆ ಸದಸ್ಯತ್ವ ಉಚಿತ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಹಂತಹಂತವಾಗಿ ಜೋಡಿಸಿದ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ. ಐದನೇ ತರಗತಿಯವನ ಕೈಗೆ ಮೊದಲ ಹಂತದ ಪುಸ್ತಕ ಕೊಟ್ಟರೆ ಅವಮಾನವಾದೀತು ಎಂಬ ಅಳುಕಿದ್ದರೆ, ಅದನ್ನು ಒಂದನೇ ತರಗತಿಯ ಮಕ್ಕಳಿಗೆ ಓದಿ ಹೇಳುವ ಜವಾಬ್ದಾರಿ ಅವನಿಗೆ ವಹಿಸಿ.

ಗಡಿಯಾರ ಹಿಡಿದು ಓದಿಸುವ ರೂಢಿ ಈಗ ಬಂದಿದೆ. 2021ರ ಜುಲೈನಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆಯ ಗುರಿಯಂತೆ ಮೂರನೇ ತರಗತಿ ಮುಗಿಸುವ ಮಗು ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕು. ಯಾವ ಭಾಷೆಯ ಪದ? ‘ಘರ್ ಮೇ ರಹನೇ ವಾಲೇ ಸಬ್ ಲೋಗ್’ ಎಂದು ಹಿಂದಿಯ ಮಗು ಓದಿದರೆ ಆರು ಪದ. ಅದನ್ನೇ ನಮ್ಮ ಮಗು ‘ಮನೆಯಲ್ಲಿದ್ದವರೆಲ್ಲರೂ’ ಎಂದು ಓದಿದರೆ ಒಂದೇ ಪದ, ಅದರಲ್ಲಿ ಒಂಬತ್ತು ಅಕ್ಷರ, ಮೂರು ಒತ್ತು. 2022ರ ಬುನಾದಿ ಕಲಿಕಾ ಅಧ್ಯಯನದಲ್ಲಿ ಎನ್‌ಸಿಇಆರ್‌ಟಿ 20 ಭಾಷೆಗಳಿಗೆ ಬೇರೆ ಬೇರೆ ಮಾನದಂಡ ಗೊತ್ತುಮಾಡಿದ್ದು ಇಂಥ ವ್ಯತ್ಯಾಸಗಳಿಂದಲೇ. ಆದ್ದರಿಂದ 60 ಮುಟ್ಟದ ಮಗುವಿನ ಹೆಸರಿನ ಮುಂದೆ ಕೆಂಪು ಗುರುತು ಹಾಕುವ ಮೊದಲು, ಅದು ಓದಿದ ಅಕ್ಷರಗಳನ್ನು ಒಮ್ಮೆ ಎಣಿಸಿ.

ಇನ್ನು ಕೋರಿಕೆಯ ವಿವರ. ದಿನಕ್ಕೆ ಹತ್ತು ನಿಮಿಷ ಸಾಕು. ಅಂದಿನ ಪಾಠದ ನಾಲ್ಕೈದು ಕಠಿಣ ಪದಗಳನ್ನು, ‘ಜೀರ್ಣಕ್ರಿಯೆ’, ‘ಮಾಲಿನ್ಯ’, ‘ಆರೋಗ್ಯ’ದಂಥವನ್ನು, ಪಾಠಕ್ಕೆ ಮೊದಲೇ ಬೋರ್ಡಿನ ಮೇಲೆ ಬಿಡಿಸಿ, ಕೂಡಿಸಿ, ಓದಿಸಿ. ಇದು ಕನ್ನಡದ ಅವಧಿಗೆ ಸೇರಿದ್ದೆಂದು ಪರಿಸರ ಅಧ್ಯಯನದವರು ಕೈತೊಳೆದುಕೊಳ್ಳುವುದು ಬೇಡ. ಹೆಚ್ಚಿನ ಒತ್ತಕ್ಷರಗಳಿರುವುದು ಅವರ ಪುಸ್ತಕದಲ್ಲೇ. ವಾರಕ್ಕೊಮ್ಮೆ ಉಕ್ತಲೇಖನ ಕೊಡಿ. ಅಂಕದ ಜೊತೆಗೆ ಯಾವ ಮಗುವಿಗೆ ಯಾವ ಅಕ್ಷರ ತಪ್ಪುತ್ತಿದೆ ಎಂದು ಬರೆದಿಡಿ. ‘ಅವನಿಗೆ ಓದಲು ಬರಲ್ಲ’ ಎಂಬ ಸಾಲಿನಿಂದ ಯಾರಿಗೂ ಏನೂ ಮಾಡಲಾಗುವುದಿಲ್ಲ. ‘ಅರ್ಕಾವತ್ತು, ಯ-ಒತ್ತು, ಐತ್ವ ಗೊತ್ತಿಲ್ಲ’ ಎಂಬ ಸಾಲಿದ್ದರೆ ನಾಳೆಯ ಹತ್ತು ನಿಮಿಷದಲ್ಲಿ ಏನು ಮಾಡಬೇಕೆಂದು ನಿಮಗೇ ತಿಳಿಯುತ್ತದೆ. ತಡವರಿಸುವ ಮಗುವನ್ನು ಇಡೀ ತರಗತಿಯ ಮುಂದೆ ನಿಲ್ಲಿಸಿ ಓದಿಸಬೇಡಿ, ಪಕ್ಕಕ್ಕೆ ಕರೆದು ಕೇಳಿ.

ಇಷ್ಟೆಲ್ಲ ಆಗಿ ತಿಂಗಳುಗಟ್ಟಲೆ ಕಳೆದರೂ ಅದೇ ಅಕ್ಷರಗಳು ಅದೇ ರೀತಿ ತಪ್ಪುತ್ತಿದ್ದರೆ, ಮಾತಿನಲ್ಲಿ ಚುರುಕಾದ ಮಗು ಓದಿನಲ್ಲಿ ಮಾತ್ರ ಅಲ್ಲೇ ನಿಂತಿದ್ದರೆ, ಡಿಸ್ಲೆಕ್ಸಿಯಾ ಇದೆಯೇ ಎಂದು ಪರೀಕ್ಷಿಸಬೇಕಾಗಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮತ್ತು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆ ವ್ಯವಸ್ಥೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪೋಷಕರಿಗೆ ಇದನ್ನು ಹೇಳುವವರು ಬಹುಪಾಲು ಹಳ್ಳಿಗಳಲ್ಲಿ ನೀವು ಮಾತ್ರ.

ಮುಂದಿನ ಕ್ಲಸ್ಟರ್ ಸಮಾಲೋಚನಾ ಸಭೆಗೆ ನಿಮ್ಮ ಶಾಲೆಯ ಉಕ್ತಲೇಖನದ ತಪ್ಪುಗಳ ಪಟ್ಟಿಯನ್ನು ತೆಗೆದುಕೊಂಡು ಹೋಗಿ, ಸಿ.ಆರ್.ಪಿ.ಯವರ ಮುಂದಿಡಿ. ಹತ್ತು ಶಾಲೆಗಳ ಪಟ್ಟಿಯಲ್ಲೂ ಅದೇ ಏಳೆಂಟು ಅಕ್ಷರಗಳಿದ್ದರೆ, ಅವುಗಳಿಗೆ ಅಭ್ಯಾಸದ ಹಾಳೆಗಳನ್ನು ಕ್ಲಸ್ಟರ್ ಮಟ್ಟದಲ್ಲೇ ನೀವೆಲ್ಲ ಸೇರಿ ಸಿದ್ಧಪಡಿಸಬಹುದು. ಅರ್ಧವಾರ್ಷಿಕ ಪರೀಕ್ಷೆಗೆ ಮುಂಚೆ ಆದರೆ ಒಳ್ಳೆಯದು.


ಕನ್ನಡ ಶಾಲೆಗಳ ಹಿತೈಷಿ